ತಟ್ಟೆಯಲ್ಲಿ ಅಡಗಿದ ದನಿ

ಅಟ್ಟದ ಮೇಲೆ ಧೂಳು ಹಿಡಿದ ಗ್ರಾಮಫೋನ್ ತಟ್ಟೆಗಳನ್ನು ಗುಜರಿಗೆ ಹಾಕುವ ಮುನ್ನ ಅವುಗಳಲ್ಲಿ ಏನಿದೆಯೆಂದು ವಿಚಾರಿಸುವುದು ಒಳ್ಳೆಯದು. ಪ್ರಸಿದ್ಧ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣದ ಕೊಳವೆಯ ಮುಂದೆ ಹಾಡಿದರು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆಕೆಯ ಕಂಠವನ್ನು ನಾವಿಂದು ಕೇಳುತ್ತಿರುವುದು ಇಂಥ ತಟ್ಟೆಗಳನ್ನು ಯಾರೋ ಜೋಪಾನ ಮಾಡಿದ್ದರಿಂದ. ಆದರೆ ತಟ್ಟೆಯೂ ಚಿರಂಜೀವಿಯಲ್ಲ.

ಹಳೆಯ 78 ಸುತ್ತಿನ ತಟ್ಟೆ ಸಾಮಾನ್ಯವಾಗಿ ಅರಗಿನದು; ಕೈಜಾರಿದರೆ ಒಡೆಯುತ್ತದೆ. 1948ರಲ್ಲಿ ಬಂದ ವಿನೈಲ್ ಎಲ್.ಪಿ. ನಿಮಿಷಕ್ಕೆ 33⅓ ಸುತ್ತಿನದು. ಸುಲಭವಾಗಿ ಒಡೆಯದಿದ್ದರೂ ಬಿಸಿಲಿಗೆ ಬಾಗುತ್ತದೆ, ಬೇಗ ಗೀರು ಬೀಳುತ್ತದೆ. ಆದ್ದರಿಂದಲೇ ಅವುಗಳ ದನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿನಲ್ಲಿ ಇಡಬೇಕಾಗಿದೆ.

ಮೊದಲ ಕೆಲಸ ಶುಚಿಮಾಡುವುದು. ವಿನೈಲನ್ನು ಬಟ್ಟಿ ಇಳಿಸಿದ ನೀರಿನಿಂದ ಮೃದುವಾಗಿ ಒರೆಸಬಹುದು. ಅರಗಿನ ತಟ್ಟೆಗೆ ಮಾತ್ರ ಸ್ಪಿರಿಟ್ ಸೋಕಿಸಕೂಡದು; ಅರಗು ಅದರಲ್ಲಿ ಕರಗುತ್ತದೆ. ಹಳೆಯ ಪೆಟ್ಟಿಗೆಯ ಉಕ್ಕಿನ ಮುಳ್ಳು ತನ್ನ ಭಾರದಿಂದ ಗೆರೆಯನ್ನೇ ಸವೆಸುವುದರಿಂದ ಹಗುರವಾದ ವಿದ್ಯುತ್ ಯಂತ್ರವನ್ನು ಬಳಸಬೇಕು. 78ರ ಗೆರೆಗೆ ಬೇಕಾದ ಮುಳ್ಳಿನ ತುದಿ ಎಲ್.ಪಿ.ಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಮೊದಮೊದಲ ತಟ್ಟೆಗಳ ವೇಗ ಒಂದೇ ಸಮನಾಗಿರಲಿಲ್ಲ. ವೇಗ ತಪ್ಪಿದರೆ ಗಾಯಕರ ಶ್ರುತಿಯೇ ತಪ್ಪುತ್ತದೆ.

ಮುಳ್ಳಿನ ಕಂಪನ ವಿದ್ಯುತ್ತಾಗುತ್ತದೆ. ಆ ವಿದ್ಯುತ್ತನ್ನು ಯಂತ್ರವು ಸೆಕೆಂಡಿಗೆ 96,000 ಬಾರಿ, ಪ್ರತಿ ಸಲವೂ 24 ಬಿಟ್‌ಗಳಲ್ಲಿ, ಅಳೆದು ಬರೆದುಕೊಳ್ಳುತ್ತದೆ. ಸಂರಕ್ಷಣೆಗೆ ಈ ಅಳತೆ ಉತ್ತಮ. ಎರಡು ಕಿವಿಯ ಧ್ವನಿಗೆ ನಿಮಿಷಕ್ಕೆ ಸುಮಾರು 35 ಮೆಗಾಬೈಟ್ ಜಾಗ ಬೇಕು. ಜಾಗ ಉಳಿಸಲೆಂದು ಎಂ.ಪಿ.3 ಮಾಡಿದರೆ ದನಿಯ ಕೆಲವು ಅಂಶಗಳು ಶಾಶ್ವತವಾಗಿ ಹೋಗುತ್ತವೆ. ಮೂಲಪ್ರತಿ ‘ವೇವ್’ ಕಡತವಾಗಿರಲಿ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಚಟಪಟ ಸದ್ದನ್ನು ಅಳಿಸಿ ಹಾಡನ್ನು ‘ಸುಂದರ’ಗೊಳಿಸುವ ಆಸೆ ಯಾರಿಗೂ ಸಹಜ. ಆದರೆ ಸದ್ದಿನೊಡನೆ ತಂಬೂರಿಯ ನಾದವೂ ಗಾಯಕರ ಉಸಿರೂ ಅಳಿಸಿಹೋಗಬಹುದು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಅದು ಹಾಡಲ್ಲವೆಂದು ಕತ್ತರಿಸಿದವನು ಆಕೆಯ ಸಹಿಯನ್ನೇ ಅಳಿಸಿದಂತೆ. ಆದುದರಿಂದ ಮೊದಲ ಪ್ರತಿಯನ್ನು ಇದ್ದಂತೆಯೇ ಇಟ್ಟು, ತಿದ್ದುವುದನ್ನೆಲ್ಲ ಇನ್ನೊಂದರಲ್ಲಿ ಮಾಡಬೇಕು.

ತಟ್ಟೆಯ ನಡುವಿನ ಚೀಟಿಯ ಹೆಸರು, ಸಂಖ್ಯೆಗಳನ್ನು ಬರೆದಿಡುವುದೂ, ಪ್ರತಿಗಳನ್ನು ಬೇರೆಬೇರೆ ಕಡೆ ಇಡುವುದೂ ಅಗತ್ಯ. ಕೆಲಸ ಮುಗಿಯಿತೆಂದು ತಟ್ಟೆಯನ್ನು ಎಸೆಯುವುದು ಬೇಡ. ನಾಳೆ ಇನ್ನೂ ಒಳ್ಳೆಯ ಮುಳ್ಳು ಬಂದೀತು. ನಮಗೆ ಕೇಳಿಸದಿದ್ದುದು ಮುಂದಿನವರಿಗೆ ಕೇಳಿಸೀತು.