ಬೈರುಹಾ ತೋಟವೂ ಬೀಗ ಹಾಕಿದ ನಮ್ಮ ಹಳೆಯ ಮನೆಗಳೂ

ಮದೀನಾದ ಪ್ರವಾದಿ ಮಸೀದಿಯ ಉತ್ತರ ಭಾಗದಲ್ಲಿ ನಮಾಝ್‌ಗೆ ನಿಲ್ಲುವ ಯಾತ್ರಿಕರಲ್ಲಿ ಹೆಚ್ಚಿನವರಿಗೆ, ಅಲ್ಲಿ ಒಂದು ಕಾಲದಲ್ಲಿ ಖರ್ಜೂರದ ತೋಟವಿತ್ತೆಂಬುದು ಗೊತ್ತಿರುವುದಿಲ್ಲ. ಆ ತೋಟದ ಹೆಸರು ಬೈರುಹಾ. ಅನ್ಸಾರ್‌ಗಳಲ್ಲೇ ಅತ್ಯಂತ ಹೆಚ್ಚು ಖರ್ಜೂರದ ಮರಗಳಿದ್ದ ಅಬೂ ತಲ್ಹಾ(ರ) ಅದರ ಒಡೆಯರು. ತೋಟ ಆಗ ಮಸೀದಿಯ ಎದುರಿಗಿತ್ತು. ಪ್ರವಾದಿ(ಸ) ಅಲ್ಲಿಗೆ ಹೋಗಿ ಸಿಹಿನೀರು ಕುಡಿಯುತ್ತಿದ್ದರು. ಮಸೀದಿ ವಿಸ್ತಾರವಾದಂತೆ ಆ ಜಾಗ ಅದರೊಳಗೇ ಸೇರಿತು.

ತಾನು ಪ್ರೀತಿಸುವುದರಿಂದಲೇ ಖರ್ಚು ಮಾಡಬೇಕೆಂದು ಕಲಿಸುವ ಆಲು ಇಮ್ರಾನ್ ಅಧ್ಯಾಯದ ಸೂಕ್ತ (3:92) ಅವತೀರ್ಣವಾದಾಗ ಅಬೂ ತಲ್ಹಾ(ರ) ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದು, ತನಗೆ ಅತಿ ಪ್ರಿಯವಾದ ಬೈರುಹಾವನ್ನು ಅಲ್ಲಾಹನಿಗಾಗಿ ಕೊಟ್ಟೆ ಎಂದರು. ಪ್ರವಾದಿ(ಸ) ಮೆಚ್ಚಿದರು, ಆದರೆ ಅದನ್ನು ಹತ್ತಿರದ ಸಂಬಂಧಿಕರಿಗೆ ಹಂಚುವಂತೆ ಸಲಹೆಯಿತ್ತರು. ಹಸ್ಸಾನ್ ಬಿನ್ ಸಾಬಿತ್(ರ), ಉಬಯ್ಯ್ ಬಿನ್ ಕಅಬ್(ರ) ಮುಂತಾದವರಿಗೆ ಪಾಲು ದೊರೆಯಿತು. ಮುಂದೆ ಹಸ್ಸಾನ್(ರ) ತನ್ನ ಪಾಲನ್ನು ಮುಆವಿಯಾ(ರ) ಅವರಿಗೆ ಮಾರಿದರೆಂದು ಬುಖಾರಿಯ ವರದಿಯಲ್ಲಿದೆ. ಅಬೂ ತಲ್ಹಾರ ದಾನವನ್ನು ಮಾರುವುದೇ ಎಂದು ಕೇಳಿದವರೂ ಇದ್ದರು. ಆದರೆ ಮಾರಾಟ ನಡೆಯಿತು. ಪಾಲು ಕೈಗೆ ಬಂದ ಮೇಲೆ ಅದು ಪಡೆದವರದ್ದು.

ಇದನ್ನು ನಾವಿಲ್ಲಿ ನೆನಪಿಸುವುದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಅಜ್ಜನ ಕಾಲದ ದೊಡ್ಡ ಮನೆಗಳಿವೆ. ಬಸ್ ನಿಲ್ದಾಣದಲ್ಲಿ ಇಳಿದು ಇಂಥವರ ಮನೆ ಎಂದರೆ ಸಾಕು, ಆಟೋದವನು ಬಂದು ಬಾಗಿಲಿಗೆ ನಿಲ್ಲಿಸುತ್ತಾನೆ. ಅಂಥ ಎಷ್ಟೋ ಮನೆಗಳಿಗೆ ಇಂದು ಬೀಗ ಬಿದ್ದಿದೆ. ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ. ಪಾಲು ಕೇಳಿದ ತಂಗಿಯನ್ನು 'ಮನೆ ಒಡೆಯಲು ಬಂದವಳು' ಎನ್ನುತ್ತಾರೆ.

ಶರೀಅತ್ತಿನ ಪ್ರಕಾರ, ಮನೆ ಒಡೆಯ ಕಣ್ಣು ಮುಚ್ಚಿದ ಕ್ಷಣದಲ್ಲೇ ಪಾಲುಗಳು ಹುಟ್ಟುತ್ತವೆ. ಸಾಲ ಮತ್ತು ವಸಿಯ್ಯತ್ ತೀರಿಸಿದ ಬಳಿಕ ಉಳಿದದ್ದು ವಾರಸುದಾರರದ್ದು. ಒಂದು ಲೆಕ್ಕ ನೋಡೋಣ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಒಬ್ಬರು ತೀರಿಕೊಂಡರು; ತಂದೆತಾಯಿ ಮೊದಲೇ ಇಲ್ಲ. ಆಸ್ತಿಯನ್ನು 8 ಭಾಗ ಮಾಡಿದರೆ ಹೆಂಡತಿಗೆ 1, ಪ್ರತಿ ಮಗನಿಗೆ 2, ಪ್ರತಿ ಮಗಳಿಗೆ 1. ಅಂದರೆ ಆ ಮನೆಯ ಅರ್ಧ ಹೆಂಗಸರದ್ದು! ಹಂಚದೆ ಹಾಗೇ ಬಿಟ್ಟರೆ, ಒಬ್ಬ ಮಗಳು ತೀರಿಕೊಂಡಾಗ ಅವಳ 1 ಭಾಗ ಅವಳ ಗಂಡ, ಮಕ್ಕಳಿಗೆ ಹೋಗುತ್ತದೆ. ಫಿಕ್ಹ್‌ನಲ್ಲಿ ಇದಕ್ಕೆ ಮುನಾಸಖಾ ಎನ್ನುತ್ತಾರೆ. ಎರಡು ತಲೆಮಾರು ಕಳೆದರೆ ಸಹಿ ಹಾಕಬೇಕಾದವರು ಯಾರು ಯಾರು, ಯಾವ ದೇಶದಲ್ಲಿದ್ದಾರೆ ಎಂದು ಹುಡುಕುವುದೇ ಒಂದು ಕೆಲಸ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವಲ್ಲ ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ತಂದೆ ಬದುಕಿದ್ದಾಗ ಕೊಟ್ಟ ಉಡುಗೊರೆ ಪಾಲಲ್ಲ. ಹಬ್ಬಕ್ಕೆ ಬಂದ ಅಕ್ಕನ ಮುಂದೆ ಹಕ್ಕು ಬಿಡುಗಡೆ ಪತ್ರ ಹಿಡಿದು, ನಾಚಿಕೆಯಲ್ಲಿ ಸಹಿ ಹಾಕಿಸಿಕೊಳ್ಳುವುದನ್ನು ನಾವು ಮನಸ್ಸಿನ ಒಪ್ಪಿಗೆ ಎನ್ನಲಾರೆವು.

ಮನೆ ಒಡೆಯಬಾರದು, ತುಂಡಾಗಬಾರದು ಎಂದು ನಿಜವಾಗಿ ಬಯಸುವವರಿಗೂ ದಾರಿಯಿದೆ. ಉಮರ್(ರ) ಅವರಿಗೆ ಖೈಬರ್‌ನಲ್ಲಿ ಬಹಳ ಬೆಲೆಬಾಳುವ ಭೂಮಿ ಸಿಕ್ಕಿತು. ಪ್ರವಾದಿಯವರ(ಸ) ಸಲಹೆಯಂತೆ ಅವರು ಮೂಲವನ್ನು ಉಳಿಸಿ ಫಲವನ್ನು ದಾನ ಮಾಡಿದರು: ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸಾಗಿ ಹೋಗುವಂತಿಲ್ಲ. ಬಡವರು, ಬಂಧುಗಳು, ಪ್ರಯಾಣಿಕರು, ಅತಿಥಿಗಳು ಅದರ ಫಲಾನುಭವಿಗಳು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಅವರು ಬರೆದಿಟ್ಟದ್ದು ಮಗಳು ಹಫ್ಸಾ(ರ) ಅವರ ಹೆಸರಿಗೆ. ಆದರೆ ವಕ್ಫ್ ಮಾಡಬೇಕಾದವನು ಒಡೆಯ, ತನ್ನ ಜೀವಿತಕಾಲದಲ್ಲಿ. ಮರಣಾನಂತರಕ್ಕೆಂದು ಬರೆದಿಟ್ಟರೆ ಮೂರನೇ ಒಂದರ ಮಿತಿಯಿದೆ. ತಂದೆ ಸತ್ತ ಮೇಲೆ ತಂಗಿಯರ ಪಾಲನ್ನೂ ಸೇರಿಸಿ ಅಣ್ಣನೊಬ್ಬನೇ ವಕ್ಫ್ ಘೋಷಿಸುವುದಾದರೆ ಅದು ಇತರರ ಸೊತ್ತಿನ ದಾನ.

ಹಳೆ ಮನೆ ತೊರೆದವರು ಊರ ಹೊರಗಿನ ಹೊಸ ಲೇಔಟ್‌ಗಳಿಗೆ, ಫ್ಲ್ಯಾಟುಗಳಿಗೆ ಹೋಗಿದ್ದಾರೆ. ಮಸೀದಿ ದೂರವಾಯಿತು, ಜಮಾಅತ್ತಿನಲ್ಲಿ ಮುಖಪರಿಚಯವಿಲ್ಲ ಎಂಬ ಅಳಲು ಅವರದು. ಮದೀನಾದಲ್ಲೂ ಹೀಗಾಗಿತ್ತು. ಬನೂ ಸಲಿಮಾ ಕುಟುಂಬದವರ ಮನೆಗಳು ಪ್ರವಾದಿ ಮಸೀದಿಯಿಂದ ದೂರವಿದ್ದವು. ಮಸೀದಿಯ ಸುತ್ತ ಜಾಗ ಖಾಲಿಯಾದಾಗ ಅವರು ಹತ್ತಿರಕ್ಕೆ ಬರಲು ಬಯಸಿದರು. ಪ್ರವಾದಿ(ಸ) ಅವರನ್ನು ಅಲ್ಲೇ ಇರಲು ಹೇಳಿದರು. ಮಸೀದಿಗೆ ನಡೆದು ಬರುವ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆಂದು ಸಂತೈಸಿದರು. ನಗರದ ಅಂಚು ಬರಿದಾಗುವುದು ಅವರಿಗೆ ಇಷ್ಟವಿರಲಿಲ್ಲ ಎಂದೂ ವರದಿಯಲ್ಲಿದೆ. ಬನೂ ಸಲಿಮಾದವರು ಅಲ್ಲೇ ಉಳಿದರು. ಇಂದು ಉಮ್ರಾ ಯಾತ್ರಿಕರ ಬಸ್ಸುಗಳು ತಪ್ಪದೆ ನಿಲ್ಲುವ ಮಸ್ಜಿದ್ ಖಿಬ್ಲತೈನ್ ಇರುವುದು ಅವರ ಆ ಕೇರಿಯಲ್ಲೇ.