ಅರ್ಧ ಸೆಕೆಂಡಿನ ಬೇಲಿ

ಚರ್ಚ್‌ಗೇಟ್ ಕಡೆಗೆ ಹೋಗುವ ಸ್ಲೋ ಲೋಕಲ್ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ನನಗೆ ಡೆನ್ಮಾರ್ಕಿನ ಒಬ್ಬ ಸಿನಿಮಾ ನಿರ್ದೇಶಕರು ನೆನಪಾಗುತ್ತಾರೆ. ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಫಾಕ್‌ಲ್ಯಾಂಡ್ ರೋಡ್, ಮುಂಬೈಯ ಹಳೆಯ ಕೆಂಪುದೀಪದ ಬೀದಿ. ಅರವತ್ತು ದಾಟಿದ ಯೋರ್ಗನ್ ಲೆತ್ ಅಲ್ಲಿ ಸೂಟು ತೊಟ್ಟು, ಮೇಜಿನ ಮುಂದೆ ಕೂತು, ಕ್ಯಾಮೆರಾ ಎದುರು ಸಾವಕಾಶವಾಗಿ ಊಟ ಮಾಡಿದ್ದರು. ಹಾಗೆ ಮಾಡಲು ಅವರಿಗೆ ಆಜ್ಞೆಯಾಗಿತ್ತು.

ಆಜ್ಞೆ ಕೊಟ್ಟವರು ಅದೇ ದೇಶದ ಇನ್ನೊಬ್ಬ ನಿರ್ದೇಶಕ, ಲಾರ್ಸ್ ವಾನ್ ಟ್ರಯರ್. ಲೆತ್ 1967ರಲ್ಲಿ ‘ದಿ ಪರ್ಫೆಕ್ಟ್ ಹ್ಯೂಮನ್’ ಎಂಬ ಕಿರುಚಿತ್ರ ಮಾಡಿದ್ದರು. ವಾನ್ ಟ್ರಯರ್‌ಗೆ ಅದು ಅಚ್ಚುಮೆಚ್ಚು. ಸುಮಾರು ಮೂರೂವರೆ ದಶಕದ ಮೇಲೆ ಅವರು ಲೆತ್ ಮುಂದೆ ಒಂದು ಸವಾಲಿಟ್ಟರು. ಅದೇ ಚಿತ್ರವನ್ನು ಐದು ಸಲ ಮತ್ತೆ ಮಾಡಬೇಕು, ಪ್ರತಿ ಸಲವೂ ತಾನೊಂದು ಅಡ್ಡಿ ಒಡ್ಡುತ್ತೇನೆ ಎಂದರು. ಈ ಆಟವೇ 2003ರಲ್ಲಿ ‘ದಿ ಫೈವ್ ಅಬ್‌ಸ್ಟ್ರಕ್ಷನ್ಸ್’ ಎಂಬ ಸಾಕ್ಷ್ಯಚಿತ್ರವಾಯಿತು.

ಮೊದಲ ಅಡ್ಡಿಯನ್ನೇ ನೋಡಿ. ಕ್ಯೂಬಾಕ್ಕೆ ಹೋಗಿ ಚಿತ್ರೀಕರಿಸಬೇಕು, ಸೆಟ್ ಹಾಕುವಂತಿಲ್ಲ, ಯಾವ ಶಾಟ್ ಕೂಡ 12 ಫ್ರೇಮಿಗಿಂತ ಉದ್ದ ಇರುವಂತಿಲ್ಲ. ಸೆಕೆಂಡಿಗೆ 24 ಫ್ರೇಮು ಓಡುವ ಸಿನಿಮಾದಲ್ಲಿ ಹನ್ನೆರಡೆಂದರೆ ಅರ್ಧ ಸೆಕೆಂಡು. ಕಣ್ಣು ಮಿಟುಕಿಸಿದರೆ ಶಾಟ್ ಮುಗಿದಿರುತ್ತದೆ! ಲೆತ್ ಅವರೋ ಉದ್ದನೆಯ, ನಿಧಾನದ ಶಾಟ್‌ಗಳಿಗೆ ಹೆಸರಾದವರು. ಅಡ್ಡಿ ಕೇಳಿ ಅವರು ಕಂಗಾಲಾದದ್ದು ಚಿತ್ರದಲ್ಲೇ ಕಾಣುತ್ತದೆ. ಆದರೆ ಕ್ಯೂಬಾದಿಂದ ಅವರು ತಂದ ಚಿತ್ರ ತಾಳ ಹಾಕಿ ಕುಣಿಯುವಂತಿತ್ತು. ತುಂಡು ತುಂಡು ಚಿತ್ರಗಳನ್ನೇ ಹಿಂದೆಮುಂದೆ ಆಡಿಸಿ, ಮತ್ತೆ ಮತ್ತೆ ಜೋಡಿಸಿ, ಅರ್ಧ ಸೆಕೆಂಡನ್ನೇ ಅವರು ಲಯ ಮಾಡಿಕೊಂಡಿದ್ದರು.

ಎರಡನೆಯದು ಮುಂಬೈಯದು. ಜಗತ್ತಿನಲ್ಲಿ ತೀರಾ ದುರ್ಭರವೆನಿಸಿದ ಜಾಗಕ್ಕೆ ಹೋಗಿ, ಅಲ್ಲಿ ತಾನೇ ನಟಿಸಬೇಕು, ಆದರೆ ಆ ಜಾಗವನ್ನು ತೋರಿಸಬಾರದು. ಲೆತ್ ಫಾಕ್‌ಲ್ಯಾಂಡ್ ರೋಡ್ ಆಯ್ದುಕೊಂಡರು. ಬೆನ್ನ ಹಿಂದೆ ಪರದೆಯನ್ನೇನೋ ಕಟ್ಟಿದರು, ಆದರೆ ಅದು ಅರೆಪಾರದರ್ಶಕ. ಅದರಾಚೆ ನಿಂತು ನೋಡುತ್ತಿದ್ದ ಹೆಂಗಸರು, ಮಕ್ಕಳು ಎಲ್ಲರೂ ಕಂಡರು. ಆ ಊಟದ ದೃಶ್ಯ ಇವತ್ತಿಗೂ ನನಗೆ ಮುಜುಗರ ತರುತ್ತದೆ. ಪರದೆಯಾಚೆ ಇದ್ದವರನ್ನು ಈ ಆಟಕ್ಕೆ ಯಾರೂ ಕೇಳಿ ಸೇರಿಸಿಕೊಂಡಿರಲಿಲ್ಲವಲ್ಲ ಅನಿಸುತ್ತದೆ.

ವಾನ್ ಟ್ರಯರ್ ತಕರಾರು ಮಾತ್ರ ಬೇರೆ: ನಿಯಮ ಮುರಿದಿದೆ. ಅದಕ್ಕೆ ಶಿಕ್ಷೆಯಾಗಿ, ಮುಂಬೈಗೆ ವಾಪಸ್ ಹೋಗಿ ಸರಿಯಾಗಿ ಮಾಡು, ಇಲ್ಲವೇ ಯಾವ ನಿಯಮವೂ ಇಲ್ಲದೆ ನಿನಗಿಷ್ಟ ಬಂದಂತೆ ಮಾಡು ಎಂದರು. ಲೆತ್ ಮುಂಬೈಗೆ ಮರಳಲು ಒಪ್ಪಲಿಲ್ಲ. ಪೂರ್ತಿ ಸ್ವಾತಂತ್ರ್ಯವೇ ಅವರ ಪಾಲಿನ ಶಿಕ್ಷೆಯಾಯಿತು!

ಈ ಭಾಗ ನೋಡಿದಾಗ ನಾನು ನಕ್ಕಿದ್ದೆ. ಆಮೇಲೆ ನನ್ನದೇ ನೆನಪಾಯಿತು. ಎಂ.ಟೆಕ್ ಮಾಡುವಾಗ 2 ಕೆಬಿ ಮೆಮೊರಿಯ ಒಂದು ಪುಟ್ಟ ಚಿಪ್‌ಗೆ ಪ್ರೋಗ್ರಾಂ ಬರೆದಿದ್ದೆ. ಒಂದೊಂದು ಬೈಟಿಗೂ ಲೆಕ್ಕ ಕೊಡಬೇಕಿತ್ತು. ಯಾವ ಮಾಹಿತಿ ನಿಜಕ್ಕೂ ಬೇಕು, ಯಾವುದನ್ನು ಸುಮ್ಮನೆ ಹೊತ್ತುಕೊಂಡಿದ್ದೇನೆ ಎಂದು ಯೋಚಿಸುವುದನ್ನು ಕಲಿಸಿದ್ದು ಆ ಚಿಪ್. ಈಗ ಕ್ಲೌಡ್‌ನಲ್ಲಿ ಕೇಳಿದಷ್ಟು ಜಾಗ ಸಿಗುತ್ತದೆ, ನಾನು ಬರೆಯುವ ಕೋಡ್ ಮದುವೆ ಮನೆ ಉಗ್ರಾಣದಂತಿರುತ್ತದೆ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಸತ್ಯಜಿತ್ ರೇ ಅವರ ‘ಅಪರಾಜಿತೊ’ (1956) ಇದೆ. ಕಾಶಿಯ ಮನೆಯ ಅಂಗಳವನ್ನು ಮಳೆಗಾಲದ ಭಯದಿಂದ ಸ್ಟುಡಿಯೋದೊಳಗೆ ಸೆಟ್ ಹಾಕಿ ಕಟ್ಟಬೇಕಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಇದು ಇಷ್ಟವಿರಲಿಲ್ಲ. ತೆರೆದ ಅಂಗಳಕ್ಕೆ ಆಕಾಶದಿಂದ ಇಳಿಯುವ ಮೆದು ಬೆಳಕಿಗೆ ಗಟ್ಟಿ ನೆರಳಿರುವುದಿಲ್ಲ, ಸ್ಟುಡಿಯೋ ದೀಪಗಳೋ ನಾಲ್ಕು ದಿಕ್ಕಿಗೆ ನಾಲ್ಕು ನೆರಳು ಚೆಲ್ಲುತ್ತವೆ. ಕೊನೆಗೆ ಅವರು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಕೆಳಗಿನಿಂದ ದೀಪಗಳನ್ನು ಅದಕ್ಕೆ ಹಾಯಿಸಿ, ಮರಳಿ ಬಿದ್ದ ಬೆಳಕಿನಲ್ಲಿ ಚಿತ್ರೀಕರಿಸಿದರು. ಬೌನ್ಸ್ ಲೈಟಿಂಗ್ ಎಂದು ಪ್ರಸಿದ್ಧವಾದ ವಿಧಾನವನ್ನು ನಮ್ಮ ಸಿನಿಮಾ ಕಲಿತದ್ದು ಹೀಗೆ. ಮಳೆಯ ಭಯವಿಲ್ಲದಿದ್ದರೆ ಆ ಬಟ್ಟೆ ಕಟ್ಟುವ ಅಗತ್ಯವೇ ಬರುತ್ತಿರಲಿಲ್ಲ.

ಇನ್ನು ಕನ್ನಡದ ‘ಪುಷ್ಪಕ ವಿಮಾನ’ (1987). ಸಿಂಗೀತಂ ಶ್ರೀನಿವಾಸರಾವ್ ಇಡೀ ಚಿತ್ರದಲ್ಲಿ ಮಾತನ್ನೇ ಬಿಟ್ಟರು. ನನ್ನ ಮರಾಠಿ, ಗುಜರಾತಿ ನೆರೆಯವರಿಗೆ ಸಬ್‌ಟೈಟಲ್ ಇಲ್ಲದೆ ತೋರಿಸಿದ ಒಂದೇ ಕನ್ನಡ ಸಿನಿಮಾ ಇದು, ನಗು ಎಲ್ಲರಿಗೂ ಒಟ್ಟಿಗೇ ಬಂತು. ಸಿನಿಮಾ ಟಾಕೀಸಿನ ಪಕ್ಕದ ಗದ್ದಲದ ಕೋಣೆಯಲ್ಲಿ ಮಲಗಿ ರೂಢಿಯಾದ ನಿರುದ್ಯೋಗಿ ನಾಯಕನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಆ ಗದ್ದಲವನ್ನೇ ಟೇಪ್ ಮಾಡಿ ತಂದು, ಹಾಕಿಕೊಂಡು ಮಲಗುತ್ತಾನೆ. ಮಾತಿದ್ದ ಸಿನಿಮಾ ಆಗಿದ್ದರೆ ಇದನ್ನು ಯಾರಾದರೊಬ್ಬ ಸ್ನೇಹಿತನಿಗೆ ಬಾಯಿಬಿಟ್ಟು ಹೇಳಿ ಮುಗಿಸುತ್ತಿದ್ದನೇನೋ. ಮಾತು ಇಲ್ಲದ್ದಕ್ಕೇ ನಾವು ಅವನ ಜತೆ ಎಚ್ಚರ ಇರುತ್ತೇವೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಎಂಟು ಜನರ ತಂಡವನ್ನು ಐದಕ್ಕೆ ಇಳಿಸಿದಾಗ ಮ್ಯಾನೇಜರ್ ಒಬ್ಬರು, ಮಿತಿಯೇ ಕ್ರಿಯಾಶೀಲತೆಯ ತಾಯಿ ಎಂದು ಉಪದೇಶ ಮಾಡಿದ್ದರು. ಆ ಮೂರು ತಿಂಗಳು ನಾವು ಹೊಸದೇನನ್ನೂ ಕಂಡುಹಿಡಿಯಲಿಲ್ಲ, ನಿದ್ದೆ ಕೆಟ್ಟೆವು ಅಷ್ಟೆ. ಲೆತ್ ಒಪ್ಪಿ ಆಟಕ್ಕಿಳಿದವರು, ಬೇಡವೆಂದು ಎದ್ದು ಹೋಗಬಹುದಿತ್ತು. ಇರಾನಿನ ಜಾಫರ್ ಪನಾಹಿ ಅವರಿಗೆ ಆ ಅವಕಾಶ ಇರಲಿಲ್ಲ. 2010ರಲ್ಲಿ ಅಲ್ಲಿನ ನ್ಯಾಯಾಲಯ ಅವರಿಗೆ ಜೈಲು ಶಿಕ್ಷೆಯ ಜತೆಗೆ 20 ವರ್ಷ ಸಿನಿಮಾ ಮಾಡಬಾರದೆಂದು ನಿಷೇಧ ಹೇರಿತು. ಅವರು ಮನೆಯೊಳಗೇ ಚಿತ್ರೀಕರಿಸಿ 2011ರಲ್ಲಿ ‘ದಿಸ್ ಈಸ್ ನಾಟ್ ಎ ಫಿಲ್ಮ್’ ತಂದರು. ಟೆಹರಾನಿನಲ್ಲಿ ತಾವೇ ಟ್ಯಾಕ್ಸಿ ಓಡಿಸುತ್ತ ಮಾಡಿದ ‘ಟ್ಯಾಕ್ಸಿ’ಗೆ 2015ರಲ್ಲಿ ಬರ್ಲಿನ್‌ನ ಗೋಲ್ಡನ್ ಬೇರ್ ಬಂತು. ಇದಕ್ಕೆ ಪನಾಹಿಯವರಿಗೆ ಕೈಮುಗಿಯಬೇಕೇ ಹೊರತು ನಿಷೇಧಕ್ಕಲ್ಲ.

ಈ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಊರಲ್ಲಿ. ಸಾಗರದ ಹತ್ತಿರದ ಹಳ್ಳಿಯಲ್ಲಿ ಎಂಬತ್ತಾರು ವರ್ಷದ ನನ್ನ ಅಜ್ಜಿ ಇದ್ದಾಳೆ. ಅವಳ ಬದುಕಿನ ಮೇಲೊಂದು ಚಿತ್ರ ಮಾಡಬೇಕೆಂದು ಹತ್ತು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಒಳ್ಳೆಯ ಕ್ಯಾಮೆರಾ ಬರಲಿ, ಮೈಕ್ ಬರಲಿ, ಉದ್ದನೆಯ ರಜೆ ಸಿಗಲಿ ಎಂದು ಕಾದೆ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಎರಡು ದಿನದ ರಜೆಯಲ್ಲಿ, ಫೋನಿನಲ್ಲಿ 42 ಪ್ರಶ್ನೆ ಬರೆದುಕೊಂಡು ಹೋದೆ. ಅಷ್ಟರಲ್ಲಿ ಅಜ್ಜಿಯ ಕಿವಿ ಪೂರ್ತಿ ಹೋಗಿತ್ತು. ಅವಳಿಗೆ ಓದಲೂ ಬಾರದು. ಮೊದಲ ಪ್ರಶ್ನೆಯನ್ನು ಮೂರು ಸಲ ಕೂಗಿ ಕೇಳಿದೆ. ಅವಳು ನನಗೆ ಹಸಿವಾಗಿದೆ ಎಂದುಕೊಂಡು ಅವಲಕ್ಕಿ ಕಲಸಿ ತಂದಳು.

ಆ ರಾತ್ರಿ ಲೆತ್ ನೆನಪಾದರು. ನನಗೆ ನಾನೇ ಅಡ್ಡಿ ಹಾಕಿಕೊಂಡೆ. ಪ್ರಶ್ನೆ ಇಲ್ಲ. ಅಜ್ಜಿಯ ಕೈ ಬಿಟ್ಟು ಬೇರೇನೂ ಕಾಣಬಾರದು. ಫೋನ್ ಅಲುಗಾಡಬಾರದು. ಒಂದು ಕೆಲಸ ಶುರುವಾದರೆ ಮುಗಿಯುವವರೆಗೆ ಕಟ್ ಇಲ್ಲ. ಲೆತ್ ಅವರಿಗೆ ಉದ್ದನೆಯ ಶಾಟ್ ನಿಷಿದ್ಧವಾಗಿತ್ತು. ರೀಲ್ಸ್ ನೋಡಿ ನೋಡಿ ಕಣ್ಣು ಕೆಟ್ಟ ನನಗೆ ತುಂಡು ಶಾಟ್ ನಿಷಿದ್ಧ.

ಮರುದಿನ ಅವಳು ಅಡಿಕೆ ಸುಲಿದಳು, ಮಜ್ಜಿಗೆ ಕಡೆದಳು, ಹತ್ತಿ ಹೊಸೆದು ಬತ್ತಿ ಮಾಡಿದಳು. ಬಲಗೈಯ ಕಿರುಬೆರಳು ಸೊಟ್ಟಗಿದೆ, ಬತ್ತಿ ಹೊಸೆಯುವಾಗ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾಳೆ. ಮೂವತ್ತು ವರ್ಷ ಆ ಕೈಯಿಂದ ತುತ್ತು ತಿಂದ ನಾನು ಅದನ್ನು ಗಮನಿಸಿದ್ದು ಅವತ್ತೇ. ಅದು ಯಾವಾಗ, ಹೇಗೆ ಸೊಟ್ಟಗಾಯಿತು ಎಂಬುದು ಮಾತ್ರ ನನಗೆ ಗೊತ್ತಾಗಲಿಲ್ಲ. ನನ್ನ 42 ಪ್ರಶ್ನೆಗಳೂ ಹಾಗೇ ಉಳಿದಿವೆ. ಹತ್ತು ವರ್ಷ ಕಾದದ್ದಕ್ಕೆ ತೆತ್ತ ಬೆಲೆ ಅದು, ಯಾವ ಅಡ್ಡಿಯೂ ಅದನ್ನು ತುಂಬಿಕೊಡುವುದಿಲ್ಲ.

ಏಳು ನಿಮಿಷದ ಆ ಚಿತ್ರವನ್ನು ಹೊರಡುವ ಮುಂಚೆ ಅಜ್ಜಿಗೆ ತೋರಿಸಿದೆ. ಸಂದರ್ಶನವಾಗಿದ್ದರೆ ಅವಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಇದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಕೊನೆಗೆ ಫೋನಿನ ಮೇಲೆ ಬೆರಳಿಟ್ಟು ತನ್ನ ತಪ್ಪನ್ನು ತಾನೇ ತೋರಿಸಿದಳು: “ಬತ್ತಿ ಉದ್ದ ಆತು. ಎಣ್ಣೆ ರಾಶಿ ಕುಡೀತು.”