ಗುರುವಿಲ್ಲದ ಊರಿನಲ್ಲಿ ಚದುರಂಗ

ಚದುರಂಗದ ಕಾಯಿಗಳ ನಡೆಯನ್ನು ಕಲಿಯಲು ಒಂದು ಸಂಜೆ ಸಾಕು. ಆನೆ ನೇರವಾಗಿ ನಡೆಯುತ್ತದೆ, ಒಂಟೆ ಓರೆಯಾಗಿ ಸಾಗುತ್ತದೆ, ಕುದುರೆ ನೆಗೆಯುತ್ತದೆ, ಮಂತ್ರಿಗಾದರೋ ಆನೆ ಒಂಟೆಗಳೆರಡರ ಬಲವೂ ಉಂಟು. ಇಷ್ಟನ್ನು ತಿಳಿದವನು ಅಂದೇ ಆಡತೊಡಗಬಹುದು. ಕಷ್ಟ ಮೊದಲಾಗುವುದು ಆ ಬಳಿಕ. ತಿಂಗಳುಗಳು ಕಳೆದರೂ ಸೋಲು ಬೆನ್ನು ಬಿಡುವುದಿಲ್ಲ. ‘ಇದಕ್ಕೆ ಬೇಕಾದ ತಲೆ ನನಗಿಲ್ಲ’ ಎಂದು ಹುಡುಗ ಮಣೆಯನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾನೆ. ದೊಡ್ಡ ನಗರಗಳಲ್ಲಾದರೆ ಪಾಠ ಹೇಳುವವರುಂಟು. ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಊರಿನಲ್ಲಿ, ಬಲ್ಲವರಾರೂ ಬಳಿಯಲ್ಲಿಲ್ಲದೆ ಕಲಿಯಬೇಕಾದವನ ಗತಿಯೇನು?

ಅವನಿಗೂ ದಾರಿಯುಂಟು. ಹೊಸಬನು ಸೋಲುವುದು ಎದುರಾಳಿಯ ಗಹನವಾದ ತಂತ್ರದಿಂದಲ್ಲ. ಬಹುಮಟ್ಟಿಗೆ ತನ್ನ ಕಾಯಿಯನ್ನು ಪುಕ್ಕಟೆಯಾಗಿ ಒಪ್ಪಿಸಿಬಿಡುವುದರಿಂದ. ತಾನು ಹೂಡಿದ ಹೂಟದ ಮೇಲೆಯೇ ಅವನ ಕಣ್ಣು. ಎದುರಿನವನಿಗೂ ಒಂದು ಹೂಟವಿದೆಯೆಂಬುದು ನೆನಪಿಗೆ ಬರುವಷ್ಟರಲ್ಲಿ ಮಂತ್ರಿ ಮಣೆಯಿಂದ ಮರೆಯಾಗಿರುತ್ತಾನೆ.

ಇದಕ್ಕೆ ಮದ್ದು ನಮ್ಮ ಹಳ್ಳಿಗಳ ಹುಲಿ-ಕುರಿ ಆಟದಲ್ಲಿಯೇ ಇದೆ. ಅಲ್ಲಿ ಕುರಿಯ ಹಿಂದಿನ ಮನೆ ಬರಿದಾಗಿದ್ದರೆ ಹುಲಿ ಹಾರಿ ಕುರಿಯನ್ನು ಕೊಲ್ಲುತ್ತದೆ. ಆದುದರಿಂದ ಕುರಿಯ ಕಡೆಯವನು ಕಾಯಿ ಇಡುವ ಮೊದಲು ಹುಲಿಯ ಕಣ್ಣಿನಿಂದ ಮಣೆಯನ್ನು ನೋಡಲೇಬೇಕು. ಚದುರಂಗದಲ್ಲಿಯೂ ಕಾಯಿಯನ್ನು ಮುಟ್ಟುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎದುರಾಳಿ ಈಗ ಆಡಿದ ನಡೆಯ ಉದ್ದೇಶವೇನು? ನಾನು ಆಡಲಿರುವ ನಡೆಗೆ ಅವನು ಕೊಡಬಲ್ಲ ಅತಿ ಕಠಿಣವಾದ ಉತ್ತರ ಯಾವುದು? ಈ ಅಭ್ಯಾಸವೊಂದೇ ಹೊಸಬನ ಅರ್ಧದಷ್ಟು ಸೋಲುಗಳನ್ನು ತಪ್ಪಿಸೀತು.

ಕಾಯಿಗಳ ಬೆಲೆಯೂ ತಿಳಿದಿರಬೇಕು. ಕಾಲಾಳನ್ನು 1 ಎಂದೆಣಿಸಿದರೆ ಕುದುರೆ, ಒಂಟೆಗಳು ತಲಾ 3, ಆನೆ 5, ಮಂತ್ರಿ 9. ಆದರೆ ಬೆಲೆ ನಿಂತ ನೆಲೆಯನ್ನೂ ಅವಲಂಬಿಸುತ್ತದೆ. ಮಣೆಯ ನಡುವೆ ನಿಂತ ಕುದುರೆ 8 ಮನೆಗಳಿಗೆ ನೆಗೆಯಬಲ್ಲುದು. ಮೂಲೆಯಲ್ಲಿ ನಿಂತರೆ 2 ಮನೆಗಳಿಗೆ ಮಾತ್ರ. ಆದ್ದರಿಂದ ಆಟದ ಆರಂಭದಲ್ಲಿ ನಡುಮನೆಗಳನ್ನು ಕಾಲಾಳುಗಳಿಂದ ಹಿಡಿಯುವುದು, ಕುದುರೆ ಒಂಟೆಗಳನ್ನು ಬೇಗನೆ ಹೊರತರುವುದು, ರಾಜನನ್ನು ಕೋಟೆಯೊಳಗೆ ಸೇರಿಸುವುದು, ಇಷ್ಟು ಸಾಕು. ಮಂತ್ರಿ ಒಂಟೆಗಳನ್ನು ಮುಂದೆ ನುಗ್ಗಿಸಿ ನಾಲ್ಕೇ ನಡೆಗಳಲ್ಲಿ ಆಟ ಮುಗಿಸುವ ಚಮತ್ಕಾರ ಒಮ್ಮೆ ಫಲಿಸೀತು. ಎದುರಾಳಿ ಎಚ್ಚತ್ತ ಮರುದಿನ ಅದೇ ಮಂತ್ರಿ ಓಡಿ ಓಡಿ ದಣಿಯಬೇಕಾದೀತು.

ಆರಂಭದ ನಡೆಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡದಿದ್ದರೆ ಆಟ ಬಾರದೆಂಬ ಭಯ ಅನೇಕರಿಗಿದೆ. ಪಂಜಾಬಿನ ಮೀರ್ ಸುಲ್ತಾನ್ ಖಾನರ ಚರಿತ್ರೆ ಈ ಭಯವನ್ನು ನೀಗಿಸುತ್ತದೆ. ಅವರು ಮೊದಲು ಕಲಿತದ್ದು ಭಾರತೀಯ ಪದ್ಧತಿಯ ಚದುರಂಗ; ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿಯೂ ಎರಡು ಮನೆ ಮುಂದುವರಿಯುವ ಸ್ವಾತಂತ್ರ್ಯವಿರಲಿಲ್ಲ. ಐರೋಪ್ಯ ಗ್ರಂಥಗಳ ಪರಿಚಯ ಅವರಿಗೆ ಅತ್ಯಲ್ಪ. ಆರಂಭದ ನಡೆಗಳಲ್ಲಿ ಅವರು ಹಿಂದೆ ಬೀಳುತ್ತಿದ್ದುದೂ ಉಂಟು. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು; ಹೇಸ್ಟಿಂಗ್ಸ್ ಪಂದ್ಯದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕರನ್ನೇ ಸೋಲಿಸಿದರು. 1966ರಲ್ಲಿ ತೀರಿಕೊಂಡ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಂದದ್ದು 2024ರಲ್ಲಿ.

ಆ ಕಾಪಾಬ್ಲಾಂಕರೇ ಚದುರಂಗದ ಮೂಲತತ್ತ್ವಗಳನ್ನು ಕುರಿತು 1921ರಲ್ಲಿ ಪ್ರಕಟಿಸಿದ ಗ್ರಂಥವನ್ನು ಕೆಲವೇ ಕಾಯಿಗಳಿರುವ ಅಂತ್ಯದ ಆಟದಿಂದ ಪ್ರಾರಂಭಿಸಿದರು. ಕೊನೆಯನ್ನು ಅರಿತವನಿಗೆ ನಡುವಿನ ದಾರಿ ತಾನಾಗಿ ಕಾಣುತ್ತದೆ. ಒಂದು ರಾಜ, ಒಂದು ಆನೆ ಇಟ್ಟುಕೊಂಡು ಒಂಟಿ ರಾಜನನ್ನು ಕಟ್ಟಿಹಾಕುವುದನ್ನು ಮೊದಲು ಕಲಿಯಿರಿ. ಆಮೇಲೆ ರಾಜ ಮತ್ತು ಒಂದೇ ಕಾಲಾಳು. ಅಂಚಿನ ಸಾಲಿನದಲ್ಲದ ಕಾಲಾಳು ಐದನೆಯ ಸಾಲಿನಲ್ಲಿದ್ದು, ಅದರ ನೇರ ಮುಂದೆ ಆರನೆಯ ಸಾಲಿನಲ್ಲಿ ನಮ್ಮ ರಾಜನಿದ್ದರೆ ಗೆಲುವು ನಿಶ್ಚಿತ. ರಾಜನು ಹೆದರಿ ಕಾಲಾಳಿನ ಹಿಂದೆಯೇ ಉಳಿದರೆ ಕೈಗೆ ಬಂದ ಆಟ ಎಷ್ಟೋ ಸಲ ಸರಿಸಮವಾಗಿ ಮುಗಿಯುತ್ತದೆ.

ಇನ್ನೊಂದು ಸಾಧನೆಯನ್ನು ಮೈಸೂರಿನ ಅರಮನೆಯಿಂದ ಎರವಲು ಪಡೆಯಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮಣೆಯಾಟಗಳಲ್ಲಿ ಅಪಾರವಾದ ಆಸಕ್ತಿಯುಳ್ಳವರು. 64 ಮನೆಗಳನ್ನೂ ಕುದುರೆಯೊಂದೇ, ಪ್ರತಿ ಮನೆಗೂ ಒಂದೇ ಸಲ ಕಾಲಿಟ್ಟು, ಸುತ್ತಿಬರಬೇಕೆಂಬ ಸಮಸ್ಯೆಗೆ ಅವರು ರಚಿಸಿದ ಪರಿಹಾರಗಳು ಚದುರಂಗದ ಇತಿಹಾಸಕಾರರ ಗಮನ ಸೆಳೆದಿವೆ. ಸೊಕ್ಕೆಯ ಹುಡುಗನು ಮುಟ್ಟಿದ ಮನೆಗೊಂದು ಕಡಲೆಕಾಯಿ ಇಡುತ್ತ ಇದನ್ನು ಪ್ರಯತ್ನಿಸಲಿ. ಮೊದಲ ದಿನ ಐವತ್ತಕ್ಕೆ ನಿಂತರೂ ಚಿಂತೆಯಿಲ್ಲ. ಹೊಸಬರ ಕಣ್ಣಿಗೆ ಸುಲಭವಾಗಿ ಬೀಳದ ಕುದುರೆಯ ನೆಗೆತ ಅವನ ಕಣ್ಣಿಗೆ ಪಳಗುತ್ತದೆ.

ಕೊನೆಯದಾಗಿ, ಆಡಿದ ಆಟವನ್ನು ಬರೆದಿಡಬೇಕು. ಎಂಟು ನೀಟಸಾಲುಗಳಿಗೆ ಅಕ್ಷರಗಳು, ಎಂಟು ಅಡ್ಡಸಾಲುಗಳಿಗೆ ಅಂಕೆಗಳು. ಬರೆಯಲು ಶಾಲೆಯ ಹಳೆಯ ನೋಟುಪುಸ್ತಕ ಸಾಕು. ಸೋತ ಆಟವನ್ನು ಮರುದಿನ ಮಣೆಯ ಮೇಲಿಟ್ಟು, ಎಲ್ಲಿ ದಾರಿ ತಪ್ಪಿತೆಂಬುದನ್ನು ಮೊದಲು ತಾನೇ ಹುಡುಕಬೇಕು. ಇಂದು ಮೊಬೈಲ್ ಫೋನಿನ ಯಂತ್ರಬುದ್ಧಿ ಕ್ಷಣಾರ್ಧದಲ್ಲಿ ಉತ್ತರ ಹೇಳುತ್ತದೆ. ಆದರೆ ತಾನು ಹುಡುಕುವ ಮೊದಲೇ ಅದನ್ನು ಕೇಳಿದವನು ಲೆಕ್ಕದ ಪುಸ್ತಕದ ಕೊನೆಯ ಪುಟ ತಿರುವಿದ ವಿದ್ಯಾರ್ಥಿಗೆ ಸಮಾನ. ಮೂರು ನಿಮಿಷದ ಹತ್ತು ಆಟಗಳಿಗಿಂತ ಅರ್ಧ ಗಂಟೆಯ ಒಂದು ಆಟ ಹೆಚ್ಚು ಕಲಿಸುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಪಂದ್ಯಗಳಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮವಿದೆ; ಮನೆಯಲ್ಲಿಯೂ ಅದನ್ನು ಪಾಲಿಸಿ. ಅಳುವ ಮಗುವಿಗೆಂದು ನಡೆಯನ್ನು ಹಿಂದಕ್ಕೆ ಕೊಡಬೇಡಿ. ಬೇಕೆಂದೇ ಸೋಲಲೂ ಬೇಡಿ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದರು. ಮೈಸೂರಿನ ತೇಜ್‌ಕುಮಾರ್ ಕರ್ನಾಟಕಕ್ಕೆ ಆ ಪದವಿಯನ್ನು ಮೊದಲು ತಂದದ್ದು 2017ರಲ್ಲಿ. ಅಂತಹ ಪದವಿ ಎಲ್ಲರ ಪಾಲಿಗಿಲ್ಲ. ಆದರೆ ಎದುರಿಗೆ ಕುಳಿತವನ ಮನಸ್ಸನ್ನು ಒಂದು ಗಳಿಗೆ ತನ್ನದಾಗಿಸಿಕೊಂಡು ನೋಡುವ ಶಕ್ತಿ, ಸೋತ ಮೇಲೆ ಕೈಕುಲುಕಿ ಮತ್ತೆ ಕಾಯಿ ಜೋಡಿಸುವ ಧೈರ್ಯ, ಇವೆರಡೂ ಸೊಕ್ಕೆಯ ಜಗಲಿಯ ಮೇಲೆಯೂ ದೊರೆಯುತ್ತವೆ, ಗುರುವಿಗಾಗಿ ಕಾಯಬೇಕಾಗಿಲ್ಲ.